ಚಗಳಿಯೋ, ಜಿಗಿಯುವ ಇರುವೆಯೋ, ಗೊದ್ದವೋ

ಇರುವೆ ಸಾಕಬೇಕು ಅಂತ ಮನಸ್ಸು ಮಾಡಿದ ಮೇಲೆ ಗೂಡು ಯಾವುದರಲ್ಲಿ ಮಾಡೋದು, ಏನು ತಿನ್ನಿಸೋದು ಅನ್ನುವುದೆಲ್ಲ ಆಮೇಲಿನ ಮಾತು. ಮೊದಲು ತೀರ್ಮಾನ ಆಗಬೇಕಾದದ್ದು ಯಾವ ಇರುವೆ ಅನ್ನುವುದು. ನಮ್ಮ ಮನೆಯಲ್ಲಿ ಆ ತೀರ್ಮಾನಕ್ಕೆ ಒಂದಿಡೀ ಬೇಸಿಗೆ ಬೇಕಾಯಿತು. ಏಳನೇ ಕ್ಲಾಸಿನ ಮಗಳೂ ನಾನೂ ಸೇರಿ ಮಾಡಿದ ಕೆಲಸ ಇದು. ಅಷ್ಟು ಸಮಯ ಕೊಟ್ಟಿದ್ದು ಸರಿ ಅಂತಲೇ ನನಗೆ ಅನಿಸುತ್ತದೆ. ಇರುವೆಯ ರಾಣಿ ಒಂದೆರಡು ತಿಂಗಳಲ್ಲಿ ಸಾಯುವ ಹುಳು ಅಲ್ಲ. ಯುರೋಪಿನ ತೋಟಗಳಲ್ಲಿರುವ ಕಪ್ಪು ಇರುವೆ ಲೇಸಿಯಸ್ ನೈಗರ್‌ನ ಒಂದು ರಾಣಿ, ಮನುಷ್ಯರು ಮಾಡಿಕೊಟ್ಟ ಗೂಡಿನಲ್ಲಿ 28 ವರ್ಷಕ್ಕೂ ಜಾಸ್ತಿ ಬದುಕಿದ ದಾಖಲೆ ಇದೆ. ನಮ್ಮ ಕಡೆಯ ದೊಡ್ಡ ಇರುವೆಗಳ ರಾಣಿಯರೂ ವರ್ಷಗಟ್ಟಲೆ ಬದುಕುತ್ತವೆ. ಮಗಳು ಪಿಯುಸಿ ಮುಗಿಸಿ ಬೇರೆ ಊರಿಗೆ ಓದಲು ಹೋದ ಮೇಲೂ ಆ ರಾಣಿ ನಮ್ಮ ಮನೆಯಲ್ಲೇ ಇರಬಹುದು. ಹಾಗಿರುವಾಗ ನೋಡಲು ಚೆಂದ ಅಂತ ಯಾವುದೋ ಒಂದನ್ನು ಹಿಡಿದು ತಂದು ಇಟ್ಟುಕೊಳ್ಳುವುದು ಆ ಜೀವಕ್ಕೆ ಮಾಡುವ ಅನ್ಯಾಯ.

ವಿಡಿಯೊಗಳಲ್ಲಿ ಕಾಣುವುದು ಹೆಚ್ಚಾಗಿ ಹೊರದೇಶದ ಇರುವೆಗಳೇ. ಕಾಳು ಕೂಡಿಡುವ ಮೆಸ್ಸರ್ ಇರುವೆ ನೋಡಿ ಮಗಳಿಗೆ ತುಂಬಾ ಆಸೆಯಾಗಿತ್ತು. "ಅಪ್ಪಾ, ಇದನ್ನೇ ತರಿಸೋಣ, ರಾಗಿ ಹಾಕಿದ್ರೂ ತಿನ್ನುತ್ತೇನೋ" ಅಂದಳು. ಅದು ಆಗದ ಮಾತು ಅಂತ ಕೂರಿಸಿಕೊಂಡು ಬಿಡಿಸಿ ಹೇಳಿದೆ. ಹೊರದೇಶದಿಂದ ಜೀವಂತ ಕೀಟ ತರಿಸಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಸರ್ಕಾರದ ಅನುಮತಿ ಬೇಕು. ಸುಮ್ನೆ ಪಾರ್ಸೆಲ್‌ನಲ್ಲಿ ತರಿಸಿಕೊಳ್ಳುವ ಹಾಗಿಲ್ಲ. 2025ರಲ್ಲಿ ಕೀನ್ಯಾದಲ್ಲಿ ಬೆಲ್ಜಿಯಂನ ಇಬ್ಬರು ಹುಡುಗರು ಸುಮಾರು 5,000 ರಾಣಿ ಇರುವೆಗಳನ್ನು ಸಣ್ಣ ಟ್ಯೂಬುಗಳಲ್ಲಿ ತುಂಬಿಟ್ಟುಕೊಂಡು ಸಿಕ್ಕಿಬಿದ್ದರು. ಅವೂ ಮೆಸ್ಸರ್ ಇರುವೆಗಳೇ. ಕೋರ್ಟು ಅವರಿಗೆ ಹತ್ತು ಲಕ್ಷ ಕೀನ್ಯಾ ಶಿಲ್ಲಿಂಗ್ ದಂಡ ಹಾಕಿತು, ಕಟ್ಟದಿದ್ದರೆ ಒಂದು ವರ್ಷ ಜೈಲು. ಅಷ್ಟು ರಾಣಿಯರಿಂದ ಅಲ್ಲಿಯ ಹುಲ್ಲುಗಾವಲಿನಲ್ಲಿ ಎಷ್ಟು ಗೂಡು ಹುಟ್ಟಬಹುದಿತ್ತು ಅಂತ ಮಗಳೇ ಕೇಳಿದಳು. ಆಮೇಲೆ ಅವಳು ಮೆಸ್ಸರ್ ಸುದ್ದಿ ಎತ್ತಲಿಲ್ಲ.

ನನಗೆ ಇನ್ನೊಂದು ಭಯವೂ ಇತ್ತು. ನಮ್ಮ ಅಂಗಳದಲ್ಲಿ ಕಾಲಿಗೆ ಹತ್ತಿ ಉರಿ ಎಬ್ಬಿಸುವ ಸಣ್ಣ ಕೆಂಪಿರುವೆ ಇದೆಯಲ್ಲ, ಸೊಲೆನಾಪ್ಸಿಸ್ ಜೆಮಿನೇಟಾ, ಅದರ ಮೂಲ ಅಮೆರಿಕ ಖಂಡದ ಬಿಸಿ ಪ್ರದೇಶ. ಮನುಷ್ಯರ ಸರಕಿನ ಜೊತೆ ದೇಶ ದೇಶ ಸುತ್ತಿ ಇಲ್ಲಿಗೂ ಬಂದು ನೆಲೆ ನಿಂತಿದೆ. ಒಮ್ಮೆ ಬಂದದ್ದನ್ನು ವಾಪಸ್ ಕಳಿಸಲು ಯಾರಿಂದಲೂ ಆಗಲಿಲ್ಲ. ಸಾಕಿದ ಇರುವೆ ಎಂದಾದರೂ ತಪ್ಪಿಸಿಕೊಂಡೇ ತಪ್ಪಿಸಿಕೊಳ್ಳುತ್ತದೆ ಅಂತ ಇಟ್ಟುಕೊಂಡೇ ಯೋಚಿಸಬೇಕು. ಕಾಫಿ ಸೀಮೆಗೆ ಇಂಥದ್ದು ಮತ್ತೊಂದು ಬೇಡವೇ ಬೇಡ.

ಹಾಗಾಗಿ ನಮ್ಮ ಸುತ್ತ ಸಿಗುವ ಇರುವೆಯೇ ಆಗಬೇಕು ಅನ್ನುವುದು ಖಚಿತವಾಯಿತು. ನಾವಿರುವುದು ಚಿಕ್ಕಮಗಳೂರು ಪೇಟೆಯ ಅಂಚಿನಲ್ಲಿ. ಹಿತ್ತಿಲಲ್ಲಿ ಒಂದು ಹಳೇ ಹಲಸಿನ ಮರ ಇದೆ. ದೊಡ್ಡಮ್ಮನ ಕಾಫಿ ತೋಟ ಆಲ್ದೂರಿನ ಹತ್ತಿರ. ಹುಡುಕಾಟವೆಲ್ಲ ಈ ಎರಡು ಜಾಗದಲ್ಲೇ. ಮುತ್ತೋಡಿ ಹತ್ತಿರ ಇದೆ, ಕುದುರೆಮುಖ ಒಂದು ದಿನದ ದಾರಿ, ಅಲ್ಲಿ ಎಂತೆಂಥ ಇರುವೆ ಇರಬಹುದು ಅಂತ ಆಸೆ ಆಗುತ್ತದೆ. ಆದರೆ ಅವು ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನ. ಅಲ್ಲಿಂದ ಇರುವೆಯನ್ನೂ ತರುವಂತಿಲ್ಲ, ತರಲೂಬಾರದು.

ತೋಟಕ್ಕೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಚಗಳಿ. ಹಾಲುವಾಣದ ಮರದಲ್ಲಿ, ಕಿತ್ತಳೆ ಗಿಡದಲ್ಲಿ, ಕಾಫಿ ಗಿಡದ ತುದಿಯಲ್ಲೂ ಎಲೆ ಸೇರಿಸಿ ಹೊಲಿದ ಗೂಡು. ಮಲೆನಾಡಿನವರಿಗೆ ಚಗಳಿ ಪರಿಚಯ ಮಾಡಿಕೊಡುವ ಅಗತ್ಯ ಇಲ್ಲ. ಗೂಡು ಕಟ್ಟುವುದನ್ನು ಹತ್ತಿರದಿಂದ ನೋಡಿದವರು ಮಾತ್ರ ಕಡಿಮೆ. ಮಗಳೂ ನಾನೂ ಒಂದು ಬೆಳಿಗ್ಗೆ ಪೂರ್ತಿ ನಿಂತು ನೋಡಿದೆವು. ಒಂದರ ಸೊಂಟ ಇನ್ನೊಂದು ಕಚ್ಚಿ ಸರಪಳಿ ಮಾಡಿಕೊಂಡು ದೂರದ ಎಲೆಯನ್ನು ಎಳೆದು ತರುತ್ತವೆ. ಎರಡು ಎಲೆಯ ಅಂಚು ಕೂಡಿದ ಮೇಲೆ ಬೇರೆ ಇರುವೆಗಳು ಒಳಗಿನಿಂದ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ಬರುತ್ತವೆ. ಆ ಮರಿಹುಳುವಿನ ಬಾಯಿಂದ ಬರುವ ರೇಷ್ಮೆಯಲ್ಲೇ ಹೊಲಿಗೆ. ರೇಷ್ಮೆಯೆಲ್ಲ ಗೂಡಿಗೇ ಖರ್ಚಾಗುವುದರಿಂದ ಚಗಳಿಯ ಮರಿಗಳು ತಮಗೆ ಅಂತ ಕೋಶ ಕಟ್ಟಿಕೊಳ್ಳುವುದಿಲ್ಲ. ಬತ್ತಲೆಯಾಗಿಯೇ ಪ್ಯೂಪಾ (ಮರಿಹುಳು ಇರುವೆಯಾಗುವ ಮೊದಲಿನ ಹಂತ) ಆಗುತ್ತವೆ. ಇದನ್ನು ಕಣ್ಣಾರೆ ಕಂಡ ಮೇಲೆ ಯಾರಿಗೆ ತಾನೆ ಮನೆಯಲ್ಲಿ ಇಟ್ಟುಕೊಳ್ಳಬೇಕು ಅನಿಸುವುದಿಲ್ಲ?

ದೊಡ್ಡಮ್ಮ ಒಪ್ಪಲಿಲ್ಲ. "ಚಗಳಿ ಸಾಕ್ತೀಯಾ? ಮರಗಸಿ ಮಾಡೋರ್ನ, ಮರ ಹತ್ತಿ ಕೊಂಬೆ ಕಡಿಯೋರ್ನ ಕೇಳು ಮಾರಾಯಾ, ಬೆನ್ ಮೇಲೆ ಗೂಡು ಬಿದ್ರೆ ಮರದಿಂದ ಇಳಿಯೋದೇ ಕಷ್ಟ ಅಂತಾರೆ. ಚಟ್ನಿಗೆ ಬೇಕಾದ್ರೆ ಹೇಳು, ತೋಟದ ಲೆಕ್ಕ ನೋಡೋ ರೈಟ್ರ ಹತ್ರ ಹೇಳಿ ಇಳಿಸಿಕೊಡ್ತೀನಿ."

ಕಚ್ಚುವುದಕ್ಕಿಂತ ದೊಡ್ಡ ಅಡ್ಡಿ ಬೇರೆ ಇತ್ತು. ನಮ್ಮ ಕಣ್ಣಿಗೆ ಒಂದು ಗೂಡು ಅಂತ ಕಾಣುವುದು ಅವುಗಳ ಸಂಸಾರದ ಒಂದು ಕೋಣೆ ಮಾತ್ರ. ಒಂದೇ ಸಂಸಾರ ಹತ್ತಾರು ಮರಗಳಲ್ಲಿ ನೂರಾರು ಗೂಡು ಕಟ್ಟಿಕೊಂಡಿರುತ್ತದೆ. ದೊಡ್ಡ ಸಂಸಾರದಲ್ಲಿ ಲಕ್ಷಗಟ್ಟಲೆ ಇರುವೆ. ರಾಣಿ ಇರುವುದು ಅಷ್ಟರಲ್ಲಿ ಎಲ್ಲೋ ಒಂದು ಗೂಡಿನಲ್ಲಿ. ಗೂಡು ಕಿತ್ತು ತಂದರೆ ರಾಣಿಯಿಲ್ಲದ ಒಂದಷ್ಟು ಇರುವೆ ಸಿಗುತ್ತವೆ, ಸ್ವಲ್ಪ ದಿನದಲ್ಲಿ ಸಾಯುತ್ತವೆ. ಹಸಿರು ಮೈಯ ರಾಣಿ ಮಳೆಗಾಲದ ಶುರುವಿನಲ್ಲಿ ಒಂಟಿಯಾಗಿ ಸಿಕ್ಕರೂ, ಸಂಸಾರ ಬೆಳೆದಂತೆ ಜೀವಂತ ಗಿಡಗಳೇ ಬೇಕು, ಬಿಸಿಲು ಬೇಕು, ಗಾಳಿ ಬೇಕು. ಕಾಫಿ ತೋಟದಲ್ಲಿ ಹತ್ತು ಹೆಜ್ಜೆ ನಡೆದರೆ ಇಷ್ಟು ಚೆನ್ನಾಗಿ ಕಾಣುವ ಇರುವೆಯನ್ನು ಡಬ್ಬಿಯಲ್ಲಿ ಕೂಡುವುದರಲ್ಲಿ ಅರ್ಥ ಇಲ್ಲ ಅಂತ ನನಗೆ ಅನಿಸಿತು. ಚಗಳಿಯನ್ನು ಮರದಲ್ಲೇ ನೋಡಬೇಕು.

ಜಿಗಿಯುವ ಇರುವೆಯನ್ನು ಬಿಟ್ಟುಕೊಡುವುದು ಇದಕ್ಕಿಂತ ಕಷ್ಟವಾಯಿತು.

ತೋಟದ ಕೆಳಗಿನ ಭಾಗದಲ್ಲಿ, ತರಗೆಲೆ ದಪ್ಪಗೆ ಬಿದ್ದ ಕಡೆ, ಒಂಟಿಯಾಗಿ ಓಡಾಡುವ ಕಂದು ಬಣ್ಣದ ಉದ್ದನೆ ಇರುವೆ ಕಂಡಿತು. ಮುಂದೆ ಚಾಚಿದ ಉದ್ದ ದವಡೆ, ದೊಡ್ಡ ಕಪ್ಪು ಕಣ್ಣು. ಕಡ್ಡಿ ಹತ್ತಿರ ಒಯ್ದ ಕೂಡಲೇ ತಿರುಗಿ ನಮ್ಮನ್ನೇ ನೋಡಿತು. ಇರುವೆ ಮನುಷ್ಯರನ್ನು ಹೀಗೆ ನೋಡುವುದು ಅಪರೂಪ. ಆಮೇಲೆ ಜಿಗಿಯಿತು. ಇದು ಹಾರ್ಪೆಗ್ನಾಥಸ್ ಸಾಲ್ಟೇಟರ್. 1851ರಲ್ಲಿ ಇದನ್ನು ಮೊದಲು ವಿವರಿಸಿದವರು ಥಾಮಸ್ ಜೆರ್ಡನ್, ದಕ್ಷಿಣ ಭಾರತದ ಹಕ್ಕಿಗಳ ಬಗ್ಗೆಯೂ ಕೆಲಸ ಮಾಡಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ಪಶ್ಚಿಮ ಘಟ್ಟದ ಈ ಇರುವೆ ಈಗ ಪ್ರಪಂಚದ ಪ್ರಯೋಗಾಲಯಗಳಲ್ಲಿ ಹೆಸರುವಾಸಿ. ಜೋಗದ ಕಡೆಯಿಂದ ಒಯ್ದ ಗೂಡುಗಳ ಮೇಲೆ ಹೊರದೇಶದಲ್ಲಿ ಸಂಶೋಧನೆ ನಡೆದಿದೆ. 2010ರಲ್ಲಿ ಪೂರ್ತಿ ಜೀನೋಮ್, ಅಂದರೆ ಇಡೀ ವಂಶವಾಹಿ ಮಾಹಿತಿ, ಓದಿದ ಮೊದಲ ಎರಡು ಇರುವೆಗಳಲ್ಲಿ ಇದೂ ಒಂದು.

ಇದರ ಸಂಸಾರದ ಕಥೆ ಕೇಳಿದರೆ ಆಶ್ಚರ್ಯವಾಗುತ್ತದೆ. ಬೇರೆ ಬಹುಪಾಲು ಇರುವೆಗಳಲ್ಲಿ ರಾಣಿ ಸತ್ತರೆ ಗೂಡು ಮುಗಿದ ಹಾಗೆ. ಇಲ್ಲಿ ರಾಣಿ ಸತ್ತ ಮೇಲೆ ಕೆಲಸಗಾರ ಇರುವೆಗಳು ಮೀಸೆಯಿಂದ ಒಂದನ್ನೊಂದು ಬಡಿಯುತ್ತಾ ಪಂದ್ಯಕ್ಕೆ ಇಳಿಯುತ್ತವೆ. ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಡೆಯುತ್ತದೆ. ಗೆದ್ದ ಕೆಲವು ಮೊಟ್ಟೆ ಇಡುವ ಹುದ್ದೆಗೆ ಏರುತ್ತವೆ. ಹಾಗೆ ಏರಿದ ಇರುವೆಯ ಮೆದುಳು ಸುಮಾರು ಐದರಲ್ಲಿ ಒಂದು ಪಾಲು ಕುಗ್ಗುತ್ತದೆ. ಆ ಹುದ್ದೆಯಿಂದ ಇಳಿಸಿದರೆ ಮೆದುಳು ಮತ್ತೆ ಮೊದಲಿನಷ್ಟೇ ಬೆಳೆಯುತ್ತದೆ ಅನ್ನುವುದನ್ನು 2021ರಲ್ಲಿ ವಿಜ್ಞಾನಿಗಳು ತೋರಿಸಿದರು. ಆಯಸ್ಸೂ ಬದಲಾಗುತ್ತದೆ. ಸಾಮಾನ್ಯ ಕೆಲಸಗಾರ ಇರುವೆ ಏಳು ತಿಂಗಳು ಬದುಕಿದರೆ, ಹುದ್ದೆಗೆ ಏರಿದ್ದು ನಾಲ್ಕು ವರ್ಷ ಬದುಕುತ್ತದೆ.

ಇಷ್ಟೆಲ್ಲ ಓದಿಕೊಂಡ ಮೇಲೂ ಬೇಡ ಅಂತ ತೀರ್ಮಾನಿಸಿದ್ದಕ್ಕೆ ಊಟವೇ ಮುಖ್ಯ ಕಾರಣ. ಇವು ಬೇಟೆಗಾರ ಇರುವೆಗಳು. ಸಕ್ಕರೆ ನೀರಿನಲ್ಲಿ ದಿನ ದೂಡುವುದಿಲ್ಲ. ಜೀವಂತ ಜೀರುಂಡೆ ಮರಿ, ಜೇಡ ಹೀಗೆ ಓಡಾಡುವ ಬೇಟೆ ಬೇಕು, ವರ್ಷಪೂರ್ತಿ ಬೇಕು. ಹೊಸ ರಾಣಿಯೂ ಗೂಡಿನೊಳಗೆ ಕೂತು ಮರಿ ಮಾಡುವಂಥದ್ದಲ್ಲ. ಮೊದಲ ಮಕ್ಕಳು ದೊಡ್ಡವಾಗುವ ತನಕ ತಾನೇ ಹೊರಗೆ ಹೋಗಿ ಬೇಟೆಯಾಡಿ ತರಬೇಕು. ಅದಕ್ಕೆ ಸಾಕುವವರು ಹೊಸ ರಾಣಿಯನ್ನು ಇಡುವ ಸಣ್ಣ ಟೆಸ್ಟ್ ಟ್ಯೂಬ್ ಸಾಲದು. ಚುಚ್ಚಿದರೆ ನೋವೂ ಜಾಸ್ತಿ. ನೆಲದೊಳಗೆ ಅವು ಕಟ್ಟುವ ಗೂಡಂತೂ ಮನೆಯಲ್ಲಿ ಮಾಡಿಕೊಡುವಂಥದ್ದೇ ಅಲ್ಲ. ಮಲೆನಾಡಿನ ಮಳೆಯಲ್ಲಿ ನೀರು ನುಗ್ಗದಂತೆ ಕಮಾನಿನ ಚಾವಣಿ ಇಟ್ಟು, ಹಳೇ ಕೋಶದ ಚೂರುಗಳನ್ನು ಗೋಡೆಗೆ ಹೊದಿಸಿ ಕಟ್ಟಿರುತ್ತವೆ. ಗಾಜಿನ ಪೆಟ್ಟಿಗೆಯಲ್ಲಿ ಅವು ಬದುಕಬಹುದು, ಪ್ರಯೋಗಾಲಯಗಳಲ್ಲಿ ಬದುಕುತ್ತಲೂ ಇವೆ. ಆದರೆ ಆಫೀಸಿಗೆ ಹೋಗಿ ಬರುವ ನನ್ನಂಥವನ ಮನೆಯಲ್ಲಿ ಅವುಗಳಿಗೆ ತಕ್ಕ ಆರೈಕೆ ಸಿಗುವುದಿಲ್ಲ.

ಅದೇ ತೋಟದಲ್ಲಿ ಡಯಾಕಾಮಾ ಕೂಡ ಸಿಕ್ಕಿತು. ಕಪ್ಪು ಮೈ ಮೇಲೆ ಸಣ್ಣ ಸಣ್ಣ ಗೆರೆಗಳಿರುವ, ಗಂಭೀರವಾಗಿ ನಡೆಯುವ ಇರುವೆ. ಮಗಳಿಗೆ ಇದೇ ಇಷ್ಟ, ಇವತ್ತಿಗೂ. ಇದರಲ್ಲಿ ರಾಣಿ ಅನ್ನುವ ಪಂಗಡವೇ ಇಲ್ಲ. ಹುಟ್ಟುವಾಗ ಪ್ರತಿ ಹೆಣ್ಣು ಇರುವೆಯ ಎದೆಯ ಎರಡು ಪಕ್ಕದಲ್ಲೂ ಮೊಗ್ಗಿನಂಥ ಸಣ್ಣ ಗುಬುಟು ಇರುತ್ತದೆ. ಗೂಡಿನಲ್ಲಿ ಮೊಟ್ಟೆ ಇಡುವ ಅಧಿಕಾರ ಇರುವುದು ಒಂದೇ ಇರುವೆಗೆ. ಅದು ಹೊಸದಾಗಿ ಹುಟ್ಟಿದವುಗಳ ಆ ಗುಬುಟನ್ನು ಕಚ್ಚಿ ತೆಗೆಯುತ್ತದೆ. ಗುಬುಟು ಹೋದ ಇರುವೆ ಮತ್ತೆ ಗಂಡಿನ ಜೊತೆ ಕೂಡುವುದಿಲ್ಲ, ಜೀವನವಿಡೀ ಕೆಲಸ ಮಾಡಿಕೊಂಡಿರುತ್ತದೆ. ಮನೆ ಬದಲಿಸುವಾಗ ಒಂದು ಇರುವೆ ಮುಂದೆ, ಅದಕ್ಕೆ ಮೀಸೆ ತಾಗಿಸಿಕೊಂಡು ಇನ್ನೊಂದು ಹಿಂದೆ, ಹೀಗೆ ಜೋಡಿ ಜೋಡಿಯಾಗಿ ನಡೆದು ಹೊಸ ಗೂಡು ಸೇರುತ್ತವೆ. ಕೋಲ್ಕತ್ತಾದ ವಿಜ್ಞಾನ ಸಂಶೋಧನಾ ಸಂಸ್ಥೆ ಐಸರ್‌ನಲ್ಲಿ ಇದೇ ನಡಿಗೆಯ ಮೇಲೆ ಒಳ್ಳೆಯ ಕೆಲಸ ನಡೆದಿದೆ.

ಆದರೆ ರಾಣಿಯಿಲ್ಲ ಅಂದರೆ ಶುರು ಮಾಡುವುದು ಹೇಗೆ? ಮಳೆಯಲ್ಲಿ ಹಾರಿ ಬಂದ ಒಂಟಿ ರಾಣಿಯನ್ನು ಎತ್ತಿಕೊಳ್ಳುವ ದಾರಿ ಇಲ್ಲಿಲ್ಲ. ಇರುವ ಸಂಸಾರವನ್ನೇ ಅಗೆಯಬೇಕು. ಒಬ್ಬರ ಮನೆ ಒಡೆದು ನಮ್ಮ ಮನೆಯಲ್ಲಿ ಪ್ರದರ್ಶನಕ್ಕಿಡುವುದು ನನ್ನಿಂದಾಗದ ಕೆಲಸ. ಗೂಡು ಅಗೆಯಬಾರದು ಅನ್ನುವ ನಿಯಮವನ್ನು ನಾವಿಬ್ಬರೂ ಮಾಡಿಕೊಂಡದ್ದು ಆವತ್ತೇ. ಯಾವ ಜಾತಿಯೇ ಆಗಲಿ, ಗುದ್ದಲಿ ಹಾಕಿದರೆ ನೂರಾರು ಇರುವೆ ಸಾಯುತ್ತವೆ, ರಾಣಿ ಸಿಗುವ ಖಾತರಿಯೂ ಇಲ್ಲ.

ಸಣ್ಣ ಇರುವೆಗಳ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಫೀಡೋಲೆ ಅನ್ನುವ, ದೊಡ್ಡ ತಲೆಯ ಸೈನಿಕರಿರುವ ಪುಟ್ಟ ಇರುವೆ ಬಹಳ ಬೇಗ ಬೆಳೆಯುತ್ತದೆ, ನೋಡಲೂ ಚೆನ್ನ. ಆದರೆ ಎರಡು ಮಿಲಿಮೀಟರ್ ಉದ್ದದ ಪ್ರಾಣಿಗೆ ಮುಚ್ಚಳದ ಸಂದು ಕೂಡ ಹೆಬ್ಬಾಗಿಲೇ. ಕೆಂಪಿರುವೆ ಚುಚ್ಚುತ್ತದೆ, ಮಗು ಇರುವ ಮನೆಗೆ ಬೇಡ. ಅಡುಗೆಮನೆಯ ಕಟ್ಟೆ ಮೇಲೆ ಓಡುವ ಬಿಳಿ ಹೊಟ್ಟೆಯ ಚಿಕ್ಕ ಇರುವೆ ಹೇಗೂ ನಮ್ಮ ಜೊತೆಗೇ ಇದೆ.

ಅರಸೀಕೆರೆಯ ಸ್ನೇಹಿತರೊಬ್ಬರು ಕ್ಯಾಂಪೊನೋಟಸ್ ಸೆರಿಸಿಯಸ್ ಸಾಕುತ್ತಿದ್ದಾರೆ. ಹೊಟ್ಟೆ ಮೇಲೆ ಬಂಗಾರದ ಬಣ್ಣದ ನಯವಾದ ಕೂದಲು, ಹಗಲಲ್ಲೇ ಓಡಾಟ. ಫೋಟೊ ನೋಡಿ ಮನಸ್ಸು ಅತ್ತ ವಾಲಿತು. "ನಮ್ ತೆಂಗಿನ ತೋಟದಲ್ಲಿ ಬೇಕಾದಷ್ಟವೆ, ಮಳೆ ಬಂದಾಗ ರಾಣಿ ಸಿಕ್ರೆ ಕಳಿಸ್ಲಾ ಸಾರ್?" ಅಂತ ಕೇಳಿದರು. ಪ್ರೀತಿಯಿಂದಲೇ ಬೇಡ ಅಂದೆ. ಜಿಲ್ಲೆ ಪಕ್ಕದ್ದೇ ಇರಬಹುದು, ಆದರೆ ಅರಸೀಕೆರೆಯ ಒಣ ನೆಲಕ್ಕೂ ನಮ್ಮ ಊರಿನ ಮಳೆಗೂ ಬಹಳ ವ್ಯತ್ಯಾಸ. ಒಣ ಬಿಸಿಲಿನಲ್ಲಿ ಬೆಳೆದದ್ದನ್ನು ತಂದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೂ ಒಣಗದ ಮನೆಯಲ್ಲಿ ಕೂರಿಸಲು ಮನಸ್ಸು ಬರಲಿಲ್ಲ.

ಅದೇ ಗುಂಪಿನ ಇನ್ನೊಂದು ಇರುವೆ ನಮ್ಮ ಹಲಸಿನ ಬುಡದಲ್ಲೇ ಇತ್ತು. ಗೊದ್ದ, ಕ್ಯಾಂಪೊನೋಟಸ್ ಕಂಪ್ರೆಸಸ್. ಭಾರತದಲ್ಲಿ ಎಲ್ಲಿ ಹೋದರೂ ಸಿಗುವ ಕಪ್ಪು ದೊಡ್ಡ ಇರುವೆ. ಹಗಲಲ್ಲಿ ನೋಡಿದರೆ ಬುಡದ ತೂತಿನ ಹತ್ತಿರ ನಾಲ್ಕಾರು ಮಾತ್ರ ಕಾಣುತ್ತವೆ. ರಾತ್ರಿ ಊಟ ಆದ ಮೇಲೆ ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಹೋಗಿ ನೋಡಿದೆವು. ಇರುವೆಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣುವುದಿಲ್ಲ, ಹೆದರುವುದಿಲ್ಲ. ಕಾಂಡದ ಮೇಲೆ ಸಾಲು ಸಾಲು. ಮೇಲೆ ಹೋಗುವವುಗಳ ಹೊಟ್ಟೆ ಸಪೂರ, ಇಳಿಯುವವುಗಳ ಹೊಟ್ಟೆ ಉಬ್ಬಿ ಪಟ್ಟೆ ಪಟ್ಟೆಯಾಗಿ ಹೊಳೆಯುತ್ತಿತ್ತು. ಮೇಲೆ ಚಿಗುರಿನಲ್ಲಿ ರಸ ಹೀರುವ ಕೀಟಗಳಿದ್ದವು. ಅವು ಬಿಡುವ ಸಿಹಿ ದ್ರವವನ್ನು ಗೊದ್ದಗಳು ಕುಡಿದು ಹೊಟ್ಟೆಯ ಒಂದು ಚೀಲದಲ್ಲಿ ತುಂಬಿಕೊಂಡು ಬರುತ್ತವೆ. ಅದು ತನ್ನ ಹೊಟ್ಟೆಗಲ್ಲ, ಮನೆಯವರಿಗೆ ಬಾಯಿಂದ ಬಾಯಿಗೆ ಕೊಡಲು. ದಾರಿಯಲ್ಲೇ ಒಂದು ಇನ್ನೊಂದನ್ನು ತಡೆದು ಕೇಳಿ ಕುಡಿದದ್ದನ್ನು ಕಂಡೆವು. ಮಗಳು ಮಾತಾಡದೆ ನಿಂತುಬಿಟ್ಟಳು. ನನಗೆ ಆ ರಾತ್ರಿಯೇ ಇದು ನಮ್ಮ ಇರುವೆ ಅಂತ ಅನಿಸಿತ್ತು.

ಅನಿಸಿದ್ದು ಸಾಲದು ಅಂತ ಒಂದೊಂದೇ ವಿಷಯ ತೂಗಿ ನೋಡಿದೆವು. ರಾಣಿ ಒಂಟಿಯಾಗಿ ಸಂಸಾರ ಶುರು ಮಾಡುತ್ತದೆ, ಅದಕ್ಕೆ ಹೊರಗಿನ ಊಟವೂ ಬೇಡ. ರೆಕ್ಕೆ ಉದುರಿಸಿದ ಮೇಲೆ ಹಾರಲು ಬಳಸುತ್ತಿದ್ದ ಎದೆಯ ದೊಡ್ಡ ಸ್ನಾಯುಗಳನ್ನೇ ಕರಗಿಸಿಕೊಂಡು ಮೊದಲ ಮರಿಗಳಿಗೆ ಉಣಿಸುತ್ತದೆ. ಗೊದ್ದಕ್ಕೆ ಕೊಂಡಿ ಇಲ್ಲ. ಕೆಲಸಗಾರರಲ್ಲಿ ದೊಡ್ಡ ತಲೆಯವು ಕಚ್ಚಿದರೆ ಚುರುಕ್ ಅನ್ನುತ್ತದೆ, ಅಷ್ಟೆ. ಮೈ ದೊಡ್ಡದು, ಹಾಗಾಗಿ ಸಂದಿಯಲ್ಲಿ ನುಸುಳುವುದು ಕಷ್ಟ, ಬರಿಗಣ್ಣಿಗೆ ಎಲ್ಲವೂ ಕಾಣುತ್ತದೆ. ಜೇನು, ಸಕ್ಕರೆ ನೀರು, ಒಂದು ಜಿರಳೆಯೋ ಮಿಡತೆಯೋ ಸಾಕು. ಇವುಗಳ ಕರುಳಿನ ಗೋಡೆಯಲ್ಲಿ ಬ್ಲಾಕ್‌ಮ್ಯಾನಿಯಾ ಅನ್ನುವ ಬ್ಯಾಕ್ಟೀರಿಯಾ ತಲೆಮಾರುಗಳಿಂದ ವಾಸವಾಗಿದೆ. ಊಟದಲ್ಲಿ ಸಿಗದ ಅಮೈನೊ ಆಮ್ಲಗಳನ್ನು ಅದೇ ಮಾಡಿಕೊಡುತ್ತದೆ. ಇನ್ನು ಹವೆ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಡಿಸೆಂಬರ್ ಚಳಿ ಇದೆ, ಜಡಿಮಳೆ ಇದೆ. ನಮ್ಮ ಹಿತ್ತಿಲ ಗೊದ್ದಗಳು ಇವೆಲ್ಲದರಲ್ಲಿ ಬದುಕಿಯೇ ಇಲ್ಲಿವೆ. ಎಂದಾದರೂ ನನ್ನಿಂದ ಸಾಕಲು ಆಗದೆ ಹೋದರೆ ಹಿಡಿದ ಜಾಗದಲ್ಲೇ ಬಿಟ್ಟರೆ ಯಾರಿಗೂ ಕೇಡಿಲ್ಲ. ಈ ಕೊನೆಯ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು.

ಕೊರತೆಗಳೂ ಇವೆ. ಬೆಳವಣಿಗೆ ನಿಧಾನ. ಮೊದಲ ವರ್ಷ ಹತ್ತಿಪ್ಪತ್ತು ಇರುವೆಯಾದರೆ ಅದೇ ಹೆಚ್ಚು. ದೊಡ್ಡ ತಲೆಯವು ಮೊದಲ ತಂಡದಲ್ಲಿ ಹುಟ್ಟುವುದೇ ಇಲ್ಲ. ಬಹಳ ಇರುವೆಗಳಿಗೆ ಎದೆಯ ಹಿಂಭಾಗದಲ್ಲಿ ಬೂಸಲು ತಡೆಯುವ ರಸ ಸುರಿಸುವ ಗ್ರಂಥಿ ಇರುತ್ತದೆ. ಕ್ಯಾಂಪೊನೋಟಸ್ ಗುಂಪಿನ ಹೆಚ್ಚಿನವಕ್ಕೆ ಅದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಟ್ಯೂಬಿಗೆ ಇಟ್ಟ ಹತ್ತಿ ಬೂಸಲು ಹಿಡಿಯುವುದನ್ನು ನಾವೇ ನೋಡಿಕೊಳ್ಳಬೇಕು.

ದೊಡ್ಡಮ್ಮನಿಗೆ ವಿಷಯ ತಿಳಿಸಿದಾಗ ಅವರು ಕೇಳಿದ್ದು ಒಂದೇ. "ಗೊದ್ದ ಇದ್ದಲ್ಲಿ ಹಿಟ್ಟುತಿಗಣೆ ಬರುತ್ತಲ್ಲೋ? ತೋಟಕ್ಕೆ ತಂದು ಬಿಡ್ಬೇಡ."

ಅವರ ಮಾತಿನಲ್ಲಿ ಹುರುಳಿದೆ. ಇರುವೆಗಳು ಹಿಟ್ಟುತಿಗಣೆ, ಹಸಿರು ತಿಗಣೆಯಂಥ ಕೀಟಗಳಿಂದ ಸಿಹಿ ರಸ ಪಡೆಯುತ್ತವೆ. ಅದಕ್ಕೆ ಬದಲಾಗಿ ಆ ಕೀಟಗಳನ್ನು ತಿನ್ನಲು ಬರುವ ಹುಳುಗಳನ್ನು ಓಡಿಸುತ್ತವೆ. ಕಾಫಿ ಬೆಳೆಗಾರರು ತಿಗಣೆ ಬಂದಾಗ ಮೊದಲು ಇರುವೆ ಕಡೆ ನೋಡುವುದು ಇದಕ್ಕೇ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ನೂರು ವರ್ಷದಿಂದ ಕಾಫಿ ಗಿಡದ ಕಷ್ಟ ನೋಡುತ್ತಾ ಬಂದ ಸಂಸ್ಥೆ ಇರುವ ಜಿಲ್ಲೆಯಲ್ಲಿ ಇರುವೆ ಸಾಕುವವರಿಗೆ ಈ ಎಚ್ಚರ ಇರಲೇಬೇಕು. ಪೇಟೆಯಲ್ಲಿ ಹಿಡಿದದ್ದು ಪೇಟೆಯಲ್ಲೇ ಇರುತ್ತದೆ ಅಂತ ದೊಡ್ಡಮ್ಮನಿಗೆ ಮಾತು ಕೊಟ್ಟೆ.

ಆಮೇಲೆ ಉಳಿದದ್ದು ಮಳೆಗೆ ಕಾಯುವುದು. ಕಾಫಿ ಹೂ ಅರಳಿಸುವ ಹೂಮಳೆ ಬಂದು ತೋಟಗಳು ಬೆಳ್ಳಗಾದಾಗ ಒಂದೂ ರಾಣಿ ಕಾಣಲಿಲ್ಲ. ಮೇ ತಿಂಗಳಲ್ಲಿ ಗುಡುಗು ಮಳೆ ಹಿಡಿದ ಮೇಲೆ ಒಂದು ಸಂಜೆ ಗಾಳಿ ನಿಂತು ಸೆಖೆಯಾಯಿತು. ಕತ್ತಲಾಗುತ್ತಿದ್ದಂತೆ ಗೇಟಿನ ಟ್ಯೂಬ್‌ಲೈಟಿಗೆ ರೆಕ್ಕೆಯ ಹುಳುಗಳು ಮುತ್ತಿಕೊಂಡವು. ಹೆಚ್ಚಿನವು ಗೆದ್ದಲು. ಅವುಗಳ ನಾಲ್ಕು ರೆಕ್ಕೆಯೂ ಒಂದೇ ಅಳತೆ, ಸೊಂಟ ಇಲ್ಲ, ಮೀಸೆ ನೇರ. ಇರುವೆಗೆ ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು, ಸೊಂಟ ಸಪೂರ, ಮೀಸೆ ಮಧ್ಯೆ ಮಡಚಿರುತ್ತದೆ. ಅವುಗಳ ನಡುವೆ ಗೊದ್ದದ ಗಂಡುಗಳು ಕಂಡವು, ಸಣ್ಣ ತಲೆಯ ತೆಳ್ಳನೆ ಜೀವಗಳು. ಆ ಹಾರಾಟ ಮುಗಿದ ಮೇಲೆ ಅವು ಹೆಚ್ಚು ದಿನ ಬದುಕುವುದಿಲ್ಲ. ಆಮೇಲೆ ರಾಣಿಯರು.

ಮಗಳು ರೆಕ್ಕೆ ಇದ್ದ ಒಂದನ್ನು ಹಿಡಿಯಲು ಓಡಿದಳು. ನಾನು ತಡೆದೆ. ರೆಕ್ಕೆ ಇನ್ನೂ ಇದೆ ಅಂದರೆ ಗಂಡಿನ ಜೊತೆ ಕೂಡಿದೆಯೋ ಇಲ್ಲವೋ ಹೇಳಲಾಗುವುದಿಲ್ಲ. ಕೂಡಿದ ರಾಣಿ ನೆಲಕ್ಕಿಳಿದು ತಾನೇ ರೆಕ್ಕೆ ಉದುರಿಸುತ್ತದೆ. ಆ ಒಂದು ಸಂಜೆ ಪಡೆದ ವೀರ್ಯವನ್ನು ಹೊಟ್ಟೆಯ ಚೀಲದಲ್ಲಿ ಇಟ್ಟುಕೊಂಡು ಜೀವನಪೂರ್ತಿ ಬಳಸುತ್ತದೆ. ನಾವು ಕಾಂಪೌಂಡ್ ಗೋಡೆಯ ಬುಡ ನೋಡುತ್ತಾ ಹೋದೆವು. ಹಲ್ಲಿಗಳು ಆಗಲೇ ಬೇಟೆಗೆ ಇಳಿದಿದ್ದವು, ಕಪ್ಪೆಗಳೂ. ಹಾರಿ ಬರುವ ರಾಣಿಯರಲ್ಲಿ ಬಹುಪಾಲು ಗೂಡು ಕಟ್ಟುವ ಮೊದಲೇ ಯಾರದೋ ಹೊಟ್ಟೆ ಸೇರುತ್ತವೆ. ಹಾಗಾಗಿ ಬೆಳಕಿನ ಕೆಳಗೆ ಅಲೆಯುತ್ತಿದ್ದ ಒಂದನ್ನು ಎತ್ತಿಕೊಂಡರೆ ಹಲಸಿನ ಬುಡದ ಸಂಸಾರಕ್ಕೆ ಏನೂ ಕಡಿಮೆಯಾಗುವುದಿಲ್ಲ ಅಂತ ನನಗೆ ನೆಮ್ಮದಿಯಿತ್ತು. ಗೇಟಿನ ಪಕ್ಕ ಸಿಕ್ಕಿದ ರಾಣಿಗೆ ದಪ್ಪ ಎದೆ, ಅದರ ಮೇಲೆ ರೆಕ್ಕೆ ಕಳಚಿದ ಗುರುತು ಸ್ಪಷ್ಟವಾಗಿತ್ತು. ಕೈಯಲ್ಲಿ ಮುಟ್ಟದೆ ಟ್ಯೂಬಿನ ಬಾಯಿ ಎದುರಿಗೆ ಇಟ್ಟೆವು, ಅದೇ ಒಳಗೆ ಹೋಯಿತು.

ಟ್ಯೂಬ್ ಅಂದರೆ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಸಾದಾ ಟೆಸ್ಟ್ ಟ್ಯೂಬ್. ಮೂರನೇ ಒಂದು ಭಾಗ ನೀರು, ಅದನ್ನು ತಡೆಯಲು ಬಿಗಿಯಾದ ಹತ್ತಿ, ಆಮೇಲೆ ರಾಣಿಗೆ ಜಾಗ, ಬಾಯಿಗೆ ಸಡಿಲ ಹತ್ತಿ. ಕಪ್ಪು ಬಟ್ಟೆ ಸುತ್ತಿ ಬೀರುವಿನ ಒಳಗೆ, ಬಾಗಿಲು ಬಡಿದರೂ ಅಲುಗಾಡದ ಮೂಲೆಯಲ್ಲಿ ಇಟ್ಟೆವು. ಈ ಹಂತದಲ್ಲಿ ಮಾಡಬೇಕಾದ ಕೆಲಸ ಏನೂ ಮಾಡದಿರುವುದು. ದಿನಾ ತೆಗೆದು ನೋಡಿದರೆ ರಾಣಿ ಗಾಬರಿಯಾಗಿ ತನ್ನ ಮೊಟ್ಟೆಯನ್ನೇ ತಿಂದುಬಿಡುತ್ತದೆ. ಭಾನುವಾರ ಮಾತ್ರ, ಕೆಂಪು ಬೆಳಕಿನಲ್ಲಿ, ಸ್ವಲ್ಪ ಹೊತ್ತು ನೋಡುವುದು ಅಂತ ಒಪ್ಪಂದ ಆಯಿತು. ಮಗಳು ಅದನ್ನು ಚೆನ್ನಾಗಿ ಪಾಲಿಸಿದಳು. ಮೊದಲು ಒಂದು ಸಣ್ಣ ಮುದ್ದೆಯಾಗಿ ಅಂಟಿಕೊಂಡ ಮೊಟ್ಟೆ, ಆಮೇಲೆ ಮರಿಹುಳು, ಆಮೇಲೆ ಮರಿಹುಳುಗಳು ಸುತ್ತಿಕೊಂಡ ಕಂದು ಕೋಶ. ಹೊರಗೆ ಜುಲೈ ಮಳೆ ಜಡಿಯುತ್ತಿರುವಾಗ ಮೊದಲ ಕೆಲಸಗಾರ ಇರುವೆ ಹೊರಬಂತು. ತಾಯಿಯ ಅರ್ಧದಷ್ಟೂ ಇಲ್ಲ. ರಾಣಿಯೇ ಕೋಶ ಬಿಡಿಸಿ ಅದನ್ನು ಎಳೆದುಕೊಂಡಿತು.

ಆವತ್ತು ಮೊದಲ ಸಲ ಊಟ ಕೊಟ್ಟೆವು. ನೀರು ಬೆರೆಸಿದ ಜೇನಿನ ಒಂದು ಹನಿ, ಸಣ್ಣ ಪ್ಲಾಸ್ಟಿಕ್ ಚೂರಿನ ಮೇಲೆ. ಪುಟ್ಟದು ಬಂದು ಕುಡಿದು, ಒಳಗೆ ಹೋಗಿ, ಅಷ್ಟು ದಿನ ಉಪವಾಸ ಇದ್ದ ತಾಯಿಗೆ ಬಾಯಿ ಕೊಟ್ಟಿತು. ಹುಳು ಹಾಕುವಾಗ ಒಂದು ಎಚ್ಚರ ಬೇಕು. ಔಷಧಿ ಹೊಡೆದ ತೋಟದ ಮಿಡತೆ, ಸ್ಪ್ರೇ ಹೊಡೆದ ಮನೆಯ ಜಿರಳೆ ಹಾಕಬಾರದು. ಇರುವೆಗಳು ಬಾಯಿಂದ ಬಾಯಿಗೆ ಉಣ್ಣುವ ಕಾರಣ ಒಂದು ತಿಂದ ವಿಷ ಎಲ್ಲಕ್ಕೂ ಮುಟ್ಟುತ್ತದೆ. ನಾವು ಹಿತ್ತಿಲಲ್ಲಿ ಹಿಡಿದ ಹುಳುವನ್ನು ಬಿಸಿನೀರಿನಲ್ಲಿ ಅದ್ದಿ, ಕಾಲೊಂದನ್ನು ಮುರಿದು ಕೊಡುತ್ತೇವೆ. ಉಳಿದದ್ದನ್ನು ಮಾರನೇ ದಿನವೇ ತೆಗೆಯುತ್ತೇವೆ, ಇಲ್ಲದಿದ್ದರೆ ಬೂಸಲು.

ಈಗ ಟ್ಯೂಬಿನಲ್ಲಿ ರಾಣಿಯ ಸುತ್ತ ಒಂದು ಸಣ್ಣ ತಂಡ ಇದೆ, ಎರಡನೇ ತಂಡದ ಕೋಶಗಳೂ ಇವೆ. ದೊಡ್ಡ ಗೂಡಿಗಾಗಿ ಕಟ್ಟಡ ಸಾಮಾನಿನ ಅಂಗಡಿಯಿಂದ ಒಂದು ಎಎಸಿ ಬ್ಲಾಕ್ (ಗೋಡೆ ಕಟ್ಟುವ ಹಗುರ ಕಾಂಕ್ರೀಟ್ ಇಟ್ಟಿಗೆ) ತಂದಿದ್ದೇನೆ. ಹಗುರ ಇರುತ್ತದೆ, ತೇವ ಹಿಡಿದುಕೊಳ್ಳುತ್ತದೆ, ಚಾಕುವಿನಲ್ಲೇ ಕೋಣೆ ಕೊರೆಯಬಹುದು. ಮೇಲೊಂದು ಗಾಜು, ಪಕ್ಕದಲ್ಲಿ ಊಟದ ಡಬ್ಬಿ, ಡಬ್ಬಿಯ ಅಂಚಿಗೆ ಸ್ಪಿರಿಟ್‌ನಲ್ಲಿ ಕಲಸಿದ ಟಾಲ್ಕಂ ಪೌಡರ್ ಬಳಿದರೆ ಹತ್ತಲು ಹೋದ ಇರುವೆ ಜಾರಿ ಬೀಳುತ್ತದೆ. ಆದರೆ ಸಂಸಾರ ಸಣ್ಣದಿರುವಾಗ ದೊಡ್ಡ ಮನೆ ಕೊಟ್ಟರೆ ಮೂಲೆಯಲ್ಲಿ ಕಸ ಗುಡ್ಡೆ ಹಾಕುತ್ತವೆ, ತೇವವನ್ನು ನಾವು ನಿಭಾಯಿಸುವುದೂ ಕಷ್ಟ. ಅದಕ್ಕೆ ಈ ಚಳಿಗಾಲ ಟ್ಯೂಬಿನಲ್ಲೇ ಕಳೆಯಲಿ ಅಂತ ಬಿಟ್ಟಿದ್ದೇವೆ. ರಾತ್ರಿ ಚಳಿ ಜಾಸ್ತಿಯಾದಾಗ ಅಡುಗೆಮನೆಯ ಕಪಾಟಿಗೆ ಬದಲಿಸುತ್ತೇವೆ. ಬ್ಲಾಕಿನ ಮನೆಗೆ ಪ್ರವೇಶ ಮಾರ್ಚ್ ಕಳೆದ ಮೇಲೆಯೇ.